ಎರಡು ಎಳೆ, ಒಂದೇ ದಾರಿ: ತ್ರಿಡಿ ಮುದ್ರಕಕ್ಕೆ ನಾವೇ ಮಾಡಿಕೊಳ್ಳಬಹುದಾದ ಸ್ಪ್ಲಿಟರ್

ವಿಜಯಪುರ: ವಚನ ಸಾಹಿತ್ಯವನ್ನು ಅಚ್ಚಿನಲ್ಲಿ ತರಬೇಕೆಂಬ ಹಂಬಲದಿಂದ ಫ.ಗು. ಹಳಕಟ್ಟಿಯವರು 1925ರಲ್ಲಿ ಇದೇ ಊರಿನಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕಾಗಿ ಅವರು ತಮ್ಮ ಸ್ವಂತ ಮನೆಯನ್ನೇ ಮಾರಿದರೆಂಬುದು ಈ ಭಾಗದ ಜನರಿಗೆ ತಿಳಿದ ಸಂಗತಿ. ಅಚ್ಚಿನ ಕೆಲಸಕ್ಕೆ ಪರ ಊರಿನ ಬಾಗಿಲು ಕಾಯುವುದಕ್ಕಿಂತ ಯಂತ್ರವೂ ಅದನ್ನು ನಡೆಸುವ ಕೈಯೂ ತಮ್ಮ ಊರಿನಲ್ಲಿಯೇ ಇರಬೇಕೆಂಬ ವಿವೇಕ ಆ ನಿರ್ಧಾರದಲ್ಲಿತ್ತು. ನೂರು ವರ್ಷಗಳ ನಂತರ ಮುದ್ರಣ ಎಂಬ ಪದಕ್ಕೆ ಇನ್ನೊಂದು ಅರ್ಥವೂ ಸೇರಿಕೊಂಡಿದೆ. ಕಾಗದದ ಮೇಲೆ ಅಕ್ಷರ ಮೂಡಿಸುವ ಬದಲು, ಕರಗಿದ ಪ್ಲಾಸ್ಟಿಕ್ಕನ್ನು ಪದರದ ಮೇಲೆ ಪದರವಾಗಿ ಹಾಸಿ ವಸ್ತುವನ್ನೇ ಕಟ್ಟುವ ತ್ರಿಡಿ ಮುದ್ರಕ ಈಗ ಮೇಜಿನ ಮೇಲೆ ಕೂರುವಷ್ಟು ಚಿಕ್ಕದಾಗಿದೆ. ಆದರೆ ಹಳಕಟ್ಟಿಯವರ ಕಾಲದ ಪ್ರಶ್ನೆ ಬದಲಾಗಿಲ್ಲ. ಯಂತ್ರಕ್ಕೆ ಬೇಕಾದ ಒಂದು ಬಿಡಿಭಾಗಕ್ಕಾಗಿ ಪರ ಊರಿನ ದಾರಿ ಕಾಯಬೇಕೆ, ಅಥವಾ ಅದನ್ನು ನಾವೇ ಮಾಡಿಕೊಳ್ಳಬಹುದೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಒಂದು ಸಣ್ಣ ಬಿಡಿಭಾಗ ಸಾಕು. ಅದರ ಹೆಸರು ಫಿಲಮೆಂಟ್ ಸ್ಪ್ಲಿಟರ್. ಅಂಗೈಯಲ್ಲಿ ಅಡಗುವ, ಇಪ್ಪತ್ತು ಗ್ರಾಂ ತೂಗದ ಈ ತುಂಡು ಒಂದು ಬಣ್ಣದ ಮುದ್ರಕವನ್ನು ಎರಡು ಬಣ್ಣದ ಮುದ್ರಕವನ್ನಾಗಿಸಬಲ್ಲದು. ಅಳತೆ ತಪ್ಪಿದರೆ ರಾತ್ರಿಯಿಡೀ ನಡೆದ ಕೆಲಸವನ್ನು ಬೆಳಗಾಗುವಷ್ಟರಲ್ಲಿ ಕಸವನ್ನಾಗಿಯೂ ಮಾಡಬಲ್ಲದು.

ಶಾಲೆಗೆ ಬಂದ ಯಂತ್ರ

ನೀತಿ ಆಯೋಗದ ಅಟಲ್ ಇನ್ನೋವೇಶನ್ ಮಿಷನ್ 2016ರಲ್ಲಿ ಆರಂಭವಾದ ಮೇಲೆ ದೇಶದ ಸುಮಾರು ಹತ್ತು ಸಾವಿರ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ತಲೆಯೆತ್ತಿವೆ. 6ರಿಂದ 12ನೇ ತರಗತಿಯ ಮಕ್ಕಳಿಗಾಗಿ ರೂಪಿಸಿದ ಈ ಪ್ರಯೋಗಾಲಯಗಳಿಗೆ 20 ಲಕ್ಷ ರೂಪಾಯಿಗಳವರೆಗೆ ಅನುದಾನ ದೊರೆಯುತ್ತದೆ. ಅಲ್ಲಿರುವ ಉಪಕರಣಗಳಲ್ಲಿ ತ್ರಿಡಿ ಮುದ್ರಕವೂ ಒಂದು. ಇನ್ನೂ 50 ಸಾವಿರ ಪ್ರಯೋಗಾಲಯಗಳನ್ನು ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ತೆರೆಯುವುದಾಗಿ 2025ರ ಕೇಂದ್ರ ಮುಂಗಡ ಪತ್ರದಲ್ಲಿ ಘೋಷಿಸಲಾಗಿದೆ. ಹಾಗಾಗಿ ವಿಜಯಪುರದಂಥ ಜಿಲ್ಲಾ ಕೇಂದ್ರಕ್ಕಷ್ಟೇ ಅಲ್ಲ, ಹೊಸ ತಾಲೂಕು ಕೇಂದ್ರಗಳಾದ ತಿಕೋಟಾ, ಬಬಲೇಶ್ವರಗಳಂಥ ಊರುಗಳಿಗೂ ಈ ಯಂತ್ರದ ವಿಷಯ ದೂರದ ಮಾತಲ್ಲ.

ಶಾಲೆಯೊಂದರಲ್ಲಿ ಮಕ್ಕಳು ತಮ್ಮ ತಾಲೂಕಿನ ಉಬ್ಬು ನಕ್ಷೆಯನ್ನು ಮುದ್ರಿಸಲು ಹೊರಟಿದ್ದಾರೆಂದು ಭಾವಿಸೋಣ. ನೆಲ ಕಪ್ಪು ಬಣ್ಣದಲ್ಲಿರಬೇಕು, ಡೋಣಿ ನದಿ ನೀಲಿಯಲ್ಲಿ ಹರಿಯಬೇಕು. ಮುದ್ರಕಕ್ಕಿರುವುದು ಒಂದೇ ನಾಝಲ್, ಅಂದರೆ ಕರಗಿದ ಪ್ಲಾಸ್ಟಿಕ್ ಹೊರಬರುವ ಒಂದೇ ಬಾಯಿ. ಬಣ್ಣ ಬದಲಿಸಬೇಕಾದಾಗಲೆಲ್ಲ ಯಂತ್ರವನ್ನು ನಿಲ್ಲಿಸಿ, ಕಪ್ಪು ಎಳೆಯನ್ನು ಕೈಯಿಂದ ಹೊರಗೆಳೆದು, ನೀಲಿ ಎಳೆಯನ್ನು ತೂರಿಸಬೇಕು. ಒಂದೆರಡು ಸಲವಾದರೆ ಮಾಡಬಹುದು, ಐವತ್ತು ಸಲ ಮಾಡಲಾಗದು. ಸ್ಪ್ಲಿಟರ್ ಬೇಕಾಗುವುದು ಇಲ್ಲಿ.

ಹೆಸರು ಕವಲು, ಕೆಲಸ ಕೂಡಿಸುವುದು

ಫಿಲಮೆಂಟ್ ಎಂದರೆ ಸುರುಳಿ ಸುತ್ತಿದ ಪ್ಲಾಸ್ಟಿಕ್ ಎಳೆ. ಮೇಜಿನ ಮುದ್ರಕಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಎಳೆಯ ದಪ್ಪ 1.75 ಮಿ.ಮೀ. ಹಲ್ಲುಚಕ್ರವೊಂದು ಅದನ್ನು ಕಚ್ಚಿ ಹಿಡಿದು ಮುಂದಕ್ಕೆ ತಳ್ಳುತ್ತದೆ. ಮೋಟಾರು ಸಹಿತವಾದ ಈ ಭಾಗಕ್ಕೆ ಎಕ್ಸ್‌ಟ್ರೂಡರ್ ಎಂದು ಹೆಸರು. ಅಲ್ಲಿಂದ ಎಳೆಯು ಟೆಫ್ಲಾನ್ ನಳಿಕೆಯ ಮೂಲಕ ಸಾಗಿ ಹಾಟ್‌ಎಂಡ್ ಎಂಬ ಕಾಯುವ ಭಾಗವನ್ನು ಸೇರಿ, ಕರಗಿ, ನಾಝಲ್‌ನಿಂದ ಇಳಿಯುತ್ತದೆ.

ಸ್ಪ್ಲಿಟರ್ ಎಂದರೆ ಒಡೆಯುವ, ಕವಲಾಗಿಸುವ ಸಾಧನವೆಂದು ಅರ್ಥ. ನಾಝಲ್‌ನ ಕಡೆಯಿಂದ ನೋಡಿದರೆ ಒಂದು ದಾರಿ ಎರಡಾಗಿ ಒಡೆಯುವುದರಿಂದ ಈ ಹೆಸರು. ಎಳೆಯು ಸಾಗುವ ದಿಕ್ಕಿನಿಂದ ನೋಡಿದರೆ ಎರಡು ದಾರಿಗಳು ಒಂದಾಗುತ್ತವೆ. ಒಂದು ಎಳೆ ಒಳಗಿರುವಾಗ ಇನ್ನೊಂದು ಕೂಡುವ ಜಾಗಕ್ಕಿಂತ ಸ್ವಲ್ಪ ಹಿಂದೆ ಸರದಿಗಾಗಿ ಕಾದಿರುತ್ತದೆ. ಎರಡೂ ಒಟ್ಟಿಗೆ ನುಗ್ಗಿದರೆ ಎರಡೂ ಸಿಕ್ಕಿಕೊಳ್ಳುತ್ತವೆ.

ವಿಜಯಪುರದವರಿಗೆ ಇದನ್ನು ಅರ್ಥ ಮಾಡಿಸಲು ಹೊರಗಿನ ಉದಾಹರಣೆ ಬೇಕಿಲ್ಲ. ಆದಿಲಶಾಹಿಗಳ ಕಾಲದಲ್ಲಿ ತೊರವಿಯ ಕಡೆಯಿಂದಲೂ ಬೇಗಂ ತಲಾಬಿನಿಂದಲೂ ನಗರಕ್ಕೆ ನೀರು ಬರುತ್ತಿದ್ದಾಗ ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳನ್ನು ಕಟ್ಟಲಾಗಿತ್ತು. 25ರಿಂದ 40 ಅಡಿ ಎತ್ತರದ ಈ ಗೋಪುರಗಳು ಕೊಳವೆಯೊಳಗಿನ ಒತ್ತಡವನ್ನು ಇಳಿಸಿ ಅದು ಒಡೆಯದಂತೆ ಕಾಯುತ್ತಿದ್ದವು. ಕಸ ತಳದಲ್ಲಿ ಉಳಿದು ತಿಳಿನೀರು ಮುಂದೆ ಸಾಗುತ್ತಿತ್ತು. ದಾರಿಯಲ್ಲಿ ಒತ್ತಡಕ್ಕೂ ಕಸಕ್ಕೂ ಎಡೆಯಿರಬೇಕೆಂಬ ತಿಳಿವಳಿಕೆ ಆ ಕಟ್ಟಡಗಾರರಿಗಿತ್ತು. ಸ್ಪ್ಲಿಟರ್‌ನ ವಿನ್ಯಾಸವೂ ಇದೇ ತಿಳಿವಳಿಕೆಯನ್ನು ಬೇಡುತ್ತದೆ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ನೀರು ಯಾವ ಮೂಲೆಗಾದರೂ ಬಾಗುತ್ತದೆ, ಪ್ಲಾಸ್ಟಿಕ್ ಎಳೆ ಬಾಗುವುದಿಲ್ಲ. ಅದಕ್ಕೆ ಬಿಗುಪಿದೆ, ಮೊಂಡಾದ ತುದಿಯಿದೆ.

ತನ್ನ ಭಾಗವನ್ನು ತಾನೇ ಹೆರುವ ಯಂತ್ರ

ಎಳೆಯನ್ನು ಕರಗಿಸಿ ಪದರ ಹಾಸುವ ವಿಧಾನಕ್ಕೆ ಅಮೆರಿಕದ ಸ್ಕಾಟ್ ಕ್ರಂಪ್ 1989ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದ್ದರು. ಆ ಪೇಟೆಂಟಿನ ಅವಧಿ 2009ರಲ್ಲಿ ಮುಗಿದ ನಂತರವೇ ಅಗ್ಗದ ಮುದ್ರಕಗಳು ಮಾರುಕಟ್ಟೆಯನ್ನು ತುಂಬಿದವು. ಅದಕ್ಕೂ ಮುನ್ನ, 2005ರಲ್ಲಿ, ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ ಅವರು ರೆಪ್‌ರಾಪ್ ಯೋಜನೆಯನ್ನು ಆರಂಭಿಸಿದ್ದರು. ತನ್ನ ಬಿಡಿಭಾಗಗಳಲ್ಲಿ ಸಾಧ್ಯವಾದಷ್ಟನ್ನು ತಾನೇ ಮುದ್ರಿಸಿಕೊಳ್ಳುವ ಯಂತ್ರವನ್ನು ರೂಪಿಸಿ, ಅದರ ನಕ್ಷೆಗಳನ್ನು ಎಲ್ಲರಿಗೂ ಮುಕ್ತವಾಗಿಡುವುದು ಅದರ ಆಶಯವಾಗಿತ್ತು. ಅದೇ ಪರಂಪರೆಯಲ್ಲಿ ಬೆಳೆದ ಚೆಕ್ ಗಣರಾಜ್ಯದ ಪ್ರೂಸಾ ಸಂಸ್ಥೆ 2016ರಲ್ಲಿ ನಾಲ್ಕು ಎಳೆಗಳನ್ನು ಒಂದೇ ನಾಝಲ್‌ಗೆ ತರುವ ಜೋಡಣೆಯನ್ನು ಹೊರತಂದಿತು. ಅದರ ನಡುವೆ ಇದ್ದದ್ದು ಇಂಥದೇ ಒಂದು ಕೂಡುದಾರಿ. ಅಂದರೆ ಸ್ಪ್ಲಿಟರನ್ನು ಮುದ್ರಕದಲ್ಲಿಯೇ ಮುದ್ರಿಸಿಕೊಳ್ಳುವುದು ಹೊಸ ಸಾಹಸವೇನಲ್ಲ, ಈ ಯಂತ್ರದ ಹುಟ್ಟುಗುಣ.

ಮೊದಲು ತನ್ನ ಯಂತ್ರವನ್ನು ತಿಳಿಯಬೇಕು

ಎಲ್ಲ ಮುದ್ರಕಕ್ಕೂ ಸ್ಪ್ಲಿಟರ್ ಒಗ್ಗುವುದಿಲ್ಲ. ಎಕ್ಸ್‌ಟ್ರೂಡರ್ ಯಂತ್ರದ ಚೌಕಟ್ಟಿನ ಮೇಲಿದ್ದು, ಅಲ್ಲಿಂದ ನಳಿಕೆಯ ಮೂಲಕ ಎಳೆ ಹಾಟ್‌ಎಂಡ್‌ಗೆ ಹೋಗುವ ಬೌಡನ್ ಮಾದರಿಯ ಯಂತ್ರಗಳಿಗೆ ಇದು ತಕ್ಕದ್ದು. ಅಲ್ಲಿ ಪ್ರತಿ ಎಳೆಗೂ ಒಂದೊಂದು ಎಕ್ಸ್‌ಟ್ರೂಡರ್ ಇಟ್ಟು, ಸ್ಪ್ಲಿಟರನ್ನು ಹಾಟ್‌ಎಂಡ್‌ನ ಸ್ವಲ್ಪ ಮೇಲೆ ಕೂರಿಸಬೇಕು. ಹಲ್ಲುಚಕ್ರವು ನಾಝಲ್‌ನ ತಲೆಯ ಮೇಲೆಯೇ ಇರುವ ಯಂತ್ರಗಳಲ್ಲಿ ಸ್ಪ್ಲಿಟರ್ ಚಕ್ರಕ್ಕಿಂತ ಮೇಲೆ ಬರುತ್ತದೆ. ಹಿಂದಕ್ಕೆಳೆದ ಎಳೆ ಚಕ್ರದ ಹಿಡಿತದಿಂದ ಬಿಟ್ಟುಹೋದೊಡನೆ ಯಂತ್ರ ಕೈಚೆಲ್ಲುತ್ತದೆ. ಅದನ್ನು ಕೂಡುದಾರಿಯಾಚೆ ಎಳೆಯಲು ಇನ್ನೊಂದು ಮೋಟಾರು ಇಲ್ಲವೇ ಮನುಷ್ಯರ ಕೈ ಬೇಕಾಗುತ್ತದೆ.

ಎರಡನೆಯ ಪ್ರಶ್ನೆ ಯಂತ್ರದ ವಿದ್ಯುನ್ಮಾನ ಫಲಕದ್ದು. ಅಗ್ಗದ ಮುದ್ರಕಗಳ ಫಲಕದಲ್ಲಿ ಹೆಚ್ಚಾಗಿ ನಾಲ್ಕು ಮೋಟಾರುಗಳಿಗಷ್ಟೇ ಅವಕಾಶವಿರುತ್ತದೆ. ಮೂರು ದಿಕ್ಕಿನ ಚಲನೆಗೆ ಮೂರು, ಎಳೆ ತಳ್ಳಲು ಒಂದು. ಎರಡನೆಯ ಎಕ್ಸ್‌ಟ್ರೂಡರ್‌ಗೆ ಐದನೆಯ ಚಾಲಕ ಬೇಕು. ಈ ಎರಡನ್ನೂ ಪರೀಕ್ಷಿಸದೆ ವಿನ್ಯಾಸಕ್ಕಿಳಿದರೆ ಬಾವಿ ತೋಡಿದ ಮೇಲೆ ಹಗ್ಗ ಹುಡುಕಿದಂತಾಗುತ್ತದೆ.

ಅಳತೆಯೇ ಜೀವಾಳ

ವಿನ್ಯಾಸಕ್ಕೆ ಫ್ರೀಕ್ಯಾಡ್, ಓಪನ್‌ಸ್ಕ್ಯಾಡ್, ಟಿಂಕರ್‌ಕ್ಯಾಡ್‌ನಂಥ ಉಚಿತ ತಂತ್ರಾಂಶಗಳು ಸಾಕು. ಅಂತರಜಾಲದಲ್ಲಿ ಸಿದ್ಧ ವಿನ್ಯಾಸಗಳೂ ದೊರೆಯುತ್ತವೆ. ಆದರೆ ಬೇರೆಯವರ ಯಂತ್ರದ ಅಳತೆ ನಮ್ಮ ಯಂತ್ರದಲ್ಲಿ ಹಾಗೆಯೇ ಮೂಡುವುದಿಲ್ಲ. ಮುದ್ರಿತ ರಂಧ್ರಗಳು ಗಣಕದಲ್ಲಿ ಬರೆದ ಅಳತೆಗಿಂತ 0.1ರಿಂದ 0.2 ಮಿ.ಮೀ. ಕಿರಿದಾಗುವುದು ಸಾಮಾನ್ಯ. ಆದ್ದರಿಂದ ಮೊದಲು ಒಂದು ಪರೀಕ್ಷಾ ತುಂಡನ್ನು ಮುದ್ರಿಸಬೇಕು. ಅದರಲ್ಲಿ 4.0, 4.1, 4.2, 4.3 ಮಿ.ಮೀ. ವ್ಯಾಸದ ರಂಧ್ರಗಳಿರಲಿ. ಹೊರವ್ಯಾಸ 4 ಮಿ.ಮೀ. ಇರುವ ಟೆಫ್ಲಾನ್ ನಳಿಕೆ ಯಾವುದರಲ್ಲಿ ಬಿಗಿಯಾಗಿ, ಆದರೆ ಹಿಂಡಿಸಿಕೊಳ್ಳದೆ ಕೂರುವುದೋ ಅದೇ ನಮ್ಮ ಯಂತ್ರದ ಅಳತೆ. ಹತ್ತು ನಿಮಿಷದ ಈ ಪರೀಕ್ಷೆ ಹತ್ತು ಗಂಟೆಯ ನಷ್ಟವನ್ನು ತಪ್ಪಿಸುತ್ತದೆ.

ಎಳೆ ಸಾಗುವ ಒಳದಾರಿಯ ವ್ಯಾಸ 2.4 ಮಿ.ಮೀ. ಸುಮಾರಿಗೆ ಇರಲಿ. 2 ಮಿ.ಮೀ. ಮಾಡಿದರೆ ಉರುಟಾದ ಒಳಮೈಗೆ ಎಳೆ ಉಜ್ಜುತ್ತದೆ. 3 ಮಿ.ಮೀ. ಮಾಡಿದರೆ ಎಳೆ ಒಳಗೇ ಡೊಂಕಾಗುತ್ತದೆ.

ಕೋನದ ಲೆಕ್ಕವೂ ಸರಳವೇ. ನಳಿಕೆಯನ್ನು ಹಿಡಿದಿಡುವ ಎರಡು ಕಪ್ಲರ್‌ಗಳು ಒಂದಕ್ಕೊಂದು ತಾಗದಿರಬೇಕಾದರೆ ಅವುಗಳ ಮಧ್ಯಬಿಂದುಗಳ ನಡುವೆ ಸುಮಾರು 14 ಮಿ.ಮೀ. ಅಂತರ ಬೇಕು. ಅಂದರೆ ಪ್ರತಿ ದಾರಿಯೂ ನಡುಗೆರೆಯಿಂದ 7 ಮಿ.ಮೀ. ಸರಿಯಬೇಕು. 15 ಡಿಗ್ರಿ ಓರೆಯಲ್ಲಿ ಇಷ್ಟು ಸರಿಯಲು ಸುಮಾರು 26 ಮಿ.ಮೀ. ಉದ್ದ ಸಾಕು. 45 ಡಿಗ್ರಿ ಓರೆ ಮಾಡಿದರೆ 7 ಮಿ.ಮೀ. ಉದ್ದದಲ್ಲೇ ಮುಗಿಯುತ್ತದೆ, ಆದರೆ ಎಳೆ ಅಷ್ಟು ಚೂಪಾದ ತಿರುವಿನಲ್ಲಿ ಬಾಗದು. ತುಂಡು ಚಿಕ್ಕದಾಗಲೆಂಬ ಆಸೆಗೆ ಕೋನವನ್ನು ಬಲಿಕೊಡಬಾರದು. ನಳಿಕೆ ಕೂರುವ ಜಾಗಗಳನ್ನೂ ಸೇರಿಸಿ ಒಟ್ಟು ಉದ್ದ 60 ಮಿ.ಮೀ. ಆದರೂ ಚಿಂತೆಯಿಲ್ಲ.

ಅತ್ಯಂತ ಸೂಕ್ಷ್ಮವಾದದ್ದು ಎರಡು ದಾರಿಗಳು ಕೂಡುವ ಜಾಗದಲ್ಲಿ ಉಳಿಯುವ ಮೂಗಿನಂಥ ಅಂಚು. ಅದು ಚೂಪಾಗಿದ್ದರೆ ಹಿಂದೆ ಸರಿಯುವ ಎಳೆಯ ತುದಿ ಅದಕ್ಕೆ ತಾಗಿ ನಿಲ್ಲುತ್ತದೆ. ಅದನ್ನು ದುಂಡಗೆ ಮಾಡಬೇಕು. ಹಾಗೆಯೇ 2.4 ಮಿ.ಮೀ. ದಾರಿಯಿಂದ 2 ಮಿ.ಮೀ. ಒಳವ್ಯಾಸದ ನಳಿಕೆಗೆ ಎಳೆ ಪ್ರವೇಶಿಸುವಲ್ಲಿ ಸಣ್ಣ ಮೆಟ್ಟಿಲು ಉಂಟಾಗುತ್ತದೆ. ಅಲ್ಲಿ ದಾರಿಯನ್ನು ಲಾಳಿಕೆಯಂತೆ ಕಿರಿದಾಗಿಸಿ, ನಳಿಕೆಯ ಬಾಯಿಯ ಒಳ ಅಂಚನ್ನು ಡ್ರಿಲ್ ಬಿಟ್ಟಿನಿಂದ ಕೈಯಲ್ಲೇ ತಿರುವಿ ಅಗಲಿಸಬೇಕು. ಸ್ಪ್ಲಿಟರ್ ಕೆಡುವುದು ಬಹುತೇಕ ಈ ಎರಡು ಜಾಗಗಳಲ್ಲಿಯೇ.

ಎರಡು ಹೋಳಾಗಿ ಮುದ್ರಣ

ತುಂಡನ್ನು ಒಂದೇ ಗಟ್ಟಿಯಾಗಿ ಮುದ್ರಿಸಬಹುದು. ಆದರೆ ಒಳಗೆ ಎಳೆ ಮುರಿದು ಸಿಕ್ಕಿಕೊಂಡರೆ ಅದನ್ನು ಎಸೆಯದೆ ಗತಿಯಿಲ್ಲ. ಉದ್ದಕ್ಕೆ ಸೀಳಿದಂತೆ ಎರಡು ಹೋಳಾಗಿ ಮಾಡಿ, ನಾಲ್ಕು 3 ಮಿ.ಮೀ. ಸ್ಕ್ರೂಗಳಿಂದ ಜೋಡಿಸಿದರೆ ಬೇಕಾದಾಗ ಬಿಚ್ಚಿ ಶುಚಿಗೊಳಿಸಬಹುದು. ಪ್ರತಿ ಹೋಳಿನಲ್ಲೂ ದಾರಿ ಮೇಲ್ಮುಖವಾಗಿ ತೆರೆದ ಕಾಲುವೆಯಂತೆ ಇರುವುದರಿಂದ ಆಧಾರದ ಕಂಬಗಳಿಲ್ಲದೆ ಮುದ್ರಿಸಬಹುದು, ನುಣುಪು ಕಾಗದದಿಂದ ತಿಕ್ಕಿ ಮೈ ಸಮ ಮಾಡಬಹುದು. ತಿಕೋಟಾದ ದ್ರಾಕ್ಷಿ ಪಡಗಳಲ್ಲಿ ಹನಿ ನೀರಾವರಿಯ ಫಿಲ್ಟರನ್ನು ಬಿಚ್ಚಿ ತೊಳೆಯುವ ರೈತರಿಗೆ ಇದರ ಪ್ರಯೋಜನವನ್ನು ಬಿಡಿಸಿ ಹೇಳಬೇಕಿಲ್ಲ. ಬಿಚ್ಚಲಾಗದ ಜೋಡಣೆ ಕಟ್ಟಿಕೊಂಡರೆ ಕೆಲಸವೇ ನಿಲ್ಲುತ್ತದೆ.

ಪದರದ ದಪ್ಪ 0.12ರಿಂದ 0.16 ಮಿ.ಮೀ., ಹೊರಗೋಡೆಗಳು ನಾಲ್ಕು ಇರಲಿ. ಪ್ಲಾಸ್ಟಿಕ್ಕಿನ ಆಯ್ಕೆಯೂ ಮುಖ್ಯ. ಸುಲಭವಾಗಿ ಮುದ್ರಣವಾಗುವ ಪಿಎಲ್ಎ 60 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಮೆದುವಾಗುತ್ತದೆ. ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ, ಹಾಟ್‌ಎಂಡ್‌ನ ನೆರೆಯಲ್ಲಿ ಅದು ಬಾಗದೆ ಉಳಿದೀತೆಂಬ ಭರವಸೆಯಿಲ್ಲ. 80 ಡಿಗ್ರಿಯವರೆಗೆ ತಾಳುವ ಪಿಇಟಿಜಿ ಲೇಸು. ಕಿಲೋ ಸುರುಳಿಗೆ ಸಾವಿರ ರೂಪಾಯಿ ಎಂದು ಹಿಡಿದರೂ 20 ಗ್ರಾಂ ತುಂಡಿಗೆ ತಗಲುವ ವೆಚ್ಚ 20 ರೂಪಾಯಿ.

ಅಳವಡಿಸುವ ಕ್ರಮ

ಯಂತ್ರದ ವಿದ್ಯುತ್ತನ್ನು ತೆಗೆದು, ಹಾಟ್‌ಎಂಡ್ ತಣ್ಣಗಾದ ಮೇಲಷ್ಟೇ ಕೈಹಾಕಬೇಕು. ನಳಿಕೆಯನ್ನು ನೇರವಾಗಿ, ಓರೆಯಾಗದಂತೆ ಕತ್ತರಿಸಬೇಕು. ಓರೆ ಕತ್ತರಿಸಿದ ನಳಿಕೆಯ ಹಿಂದೆ ಕರಗಿದ ಪ್ಲಾಸ್ಟಿಕ್ ಸೇರಿಕೊಂಡು ಗಟ್ಟಿಯಾಗುತ್ತದೆ. ನಳಿಕೆಯನ್ನು ಜಾಗದ ತಳ ಮುಟ್ಟುವವರೆಗೆ ತೂರಿಸಿ ಕಪ್ಲರ್‌ನ ಕ್ಲಿಪ್ ಹಾಕಬೇಕು. ನಂತರ ಮುದ್ರಕದ ತಲೆಯನ್ನು ಕೈಯಿಂದ ನಾಲ್ಕೂ ಮೂಲೆಗೆ ಒಯ್ದು, ನಳಿಕೆಗಳು ಎಲ್ಲಿಯೂ ಬಿಗಿಯಾಗುವುದಿಲ್ಲ, ಮಡಚಿಕೊಳ್ಳುವುದಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಮೋಟಾರಿಗೆ ಜೋಡಿಸುವ ಮುನ್ನ ಒಂದೊಂದೇ ಎಳೆಯನ್ನು ಕೈಯಿಂದ ತೂರಿಸಿ ಹೊರಗೆಳೆಯಬೇಕು. ಕೈಗೆ ತಡೆಯೆನಿಸಿದ ಜಾಗವನ್ನು ಯಂತ್ರವೂ ದಾಟಲಾರದು.

ಇನ್ನು ತಂತ್ರಾಂಶ. ಮಾರ್ಲಿನ್ ಫರ್ಮ್‌ವೇರ್ ಬಳಸುವ ಯಂತ್ರಗಳಲ್ಲಿ ಎಕ್ಸ್‌ಟ್ರೂಡರ್‌ಗಳ ಸಂಖ್ಯೆಯನ್ನು ಎರಡೆಂದೂ, ನಾಝಲ್ ಒಂದೇ ಎಂದೂ ತಿಳಿಸುವ ‘ಸಿಂಗಲ್ ನಾಝಲ್’ ಆಯ್ಕೆಯಿದೆ. ಇದನ್ನು ಮರೆತರೆ ಯಂತ್ರ ಇಲ್ಲದ ಎರಡನೆಯ ಹೀಟರನ್ನು ಹುಡುಕಿ ದೋಷ ತೋರಿಸುತ್ತದೆ. ನಂತರ ಎರಡೂ ಮೋಟಾರುಗಳ ಅಳತೆಯನ್ನು ಹೊಂದಿಸಬೇಕು. ಎಳೆಯ ಮೇಲೆ 120 ಮಿ.ಮೀ. ದೂರದಲ್ಲಿ ಗುರುತು ಹಾಕಿ, 100 ಮಿ.ಮೀ. ತಳ್ಳಲು ಆಜ್ಞಾಪಿಸಿದಾಗ ಸರಿಯಾಗಿ 20 ಮಿ.ಮೀ. ಉಳಿಯಬೇಕು.

ಹಿಂದೆ ಸರಿಯುವ ದೂರವನ್ನು ಲೆಕ್ಕ ಹಾಕುವುದು ಹೀಗೆ. ನಾಝಲ್ ತುದಿಯಿಂದ ಕೂಡುವ ಜಾಗಕ್ಕೆ 70 ಮಿ.ಮೀ. ಇದ್ದರೆ, 15 ಮಿ.ಮೀ. ಹೆಚ್ಚಿಗೆ ಸೇರಿಸಿ 85 ಮಿ.ಮೀ. ಹಿಂದೆಳೆಯಬೇಕು. ಮರಳಿ ತರುವಾಗಲೂ ಅಷ್ಟೇ ದೂರ, ಕೊನೆಯ 20 ಮಿ.ಮೀ. ನಿಧಾನವಾಗಿ.

ತುದಿಯ ಆಕಾರಕ್ಕೂ ಗಮನ ಕೊಡಬೇಕು. ಕರಗಿದ ಎಳೆಯನ್ನು ಒಮ್ಮೆಗೇ ಎಳೆದರೆ ಕೂದಲಿನಂಥ ಬಾಲ ಬರುತ್ತದೆ, ತಡಮಾಡಿ ಎಳೆದರೆ ತುದಿ ಗುಂಡಿಯಂತೆ ಉಬ್ಬುತ್ತದೆ. ಬಾಲವು ಕೂಡುದಾರಿಯಲ್ಲಿ ಉಳಿದು ಕಸವಾಗುತ್ತದೆ, ಉಬ್ಬಿದ ತುದಿ 2 ಮಿ.ಮೀ. ನಳಿಕೆಯಲ್ಲಿ ಹೊರಡದು. ಮೊದಲು ಚುರುಕಾಗಿ ತುಸು ಹಿಂದೆಳೆದು, ತಂಪಾದ ಭಾಗದಲ್ಲಿ ಒಂದೆರಡು ಸಲ ಹಿಂದೆ ಮುಂದೆ ಆಡಿಸಿ, ತುದಿ ಗಟ್ಟಿಯಾದ ಮೇಲೆ ಪೂರ್ತಿ ಎಳೆಯುವ ಕ್ರಮವನ್ನು ಸ್ಲೈಸರ್ ತಂತ್ರಾಂಶದಲ್ಲಿ ಹೊಂದಿಸಬಹುದು. ಹೊರಬಂದ ತುದಿ ಸೀಸದ ಕಡ್ಡಿಯ ಮೊನೆಯಂತಿದ್ದರೆ ಹೊಂದಿಕೆ ಸರಿಯಾಯಿತೆಂದು ತಿಳಿಯಬೇಕು. ನಿಜವಾದ ಕೆಲಸಕ್ಕೆ ತೊಡಗುವ ಮುನ್ನ ಇಪ್ಪತ್ತು ಸಲ ಬಣ್ಣ ಬದಲಿಸಿ ನೋಡಬೇಕು. ಹತ್ತೊಂಬತ್ತು ಸಲ ಗೆದ್ದು ಒಂದು ಸಲ ಸೋತರೂ ಅದು ಸೋಲೇ. ನೂರು ಬದಲಾವಣೆಯ ಮುದ್ರಣದಲ್ಲಿ ಆ ಸೋಲು ಬಂದೇ ಬರುತ್ತದೆ.

ವ್ಯರ್ಥದ ಲೆಕ್ಕ

ಬಣ್ಣ ಬದಲಿಸಿದಾಗಲೆಲ್ಲ ಒಳಗುಳಿದ ಹಳೆಯ ಬಣ್ಣವನ್ನು ಹೊರಹಾಕಬೇಕು. ಒಂದು ಬದಲಾವಣೆಗೆ 140 ಘನ ಮಿ.ಮೀ. ಎಂದು ಹಿಡಿದರೆ ಸುಮಾರು 58 ಮಿ.ಮೀ. ಎಳೆ, ತೂಕದಲ್ಲಿ 0.17 ಗ್ರಾಂ ಪಿಎಲ್ಎ ವ್ಯರ್ಥವಾಗುತ್ತದೆ. ಗೋಳಗುಮ್ಮಟದ 100 ಮಿ.ಮೀ. ಎತ್ತರದ ಮಾದರಿಯೊಂದನ್ನು 0.2 ಮಿ.ಮೀ. ಪದರಗಳಲ್ಲಿ, ಪ್ರತಿ ಪದರದಲ್ಲೂ ಎರಡು ಬಣ್ಣ ಬರುವಂತೆ ಮುದ್ರಿಸಿದರೆ 500 ಬದಲಾವಣೆಗಳು, 85 ಗ್ರಾಂ ಕಸ. ಬದಲಾವಣೆಗೆ ಮುಕ್ಕಾಲು ನಿಮಿಷವೆಂದರೆ ಆರು ಗಂಟೆಗೂ ಹೆಚ್ಚು ಕಾಲ ಬರಿಯ ಬದಲಾವಣೆಗೇ ಹೋಗುತ್ತದೆ. ಡೋಣಿ ನದಿಯ ನಕ್ಷೆಯಲ್ಲಿ ನೀಲಿ ಬಣ್ಣ ಮೇಲಿನ ಐದು ಪದರಗಳಲ್ಲಷ್ಟೇ ಇದ್ದರೆ ಐದಾರು ಬದಲಾವಣೆಗಳಲ್ಲಿ ಕೆಲಸ ಮುಗಿಯುತ್ತದೆ, ಕಸ ಒಂದು ಗ್ರಾಂ. ಯಾವುದನ್ನು ಎರಡು ಬಣ್ಣದಲ್ಲಿ ಮಾಡಬೇಕು, ಯಾವುದನ್ನು ಎರಡು ತುಂಡಾಗಿ ಮಾಡಿ ಅಂಟಿಸಬೇಕು ಎಂಬ ವಿವೇಚನೆಯೂ ವಿನ್ಯಾಸದ ಭಾಗವೇ ಆಗಿದೆ.

ಎಚ್ಚರಿಕೆಯ ಮಾತೂ ಅವಶ್ಯ. ಹಾಟ್‌ಎಂಡ್ 200 ಡಿಗ್ರಿಗಿಂತ ಹೆಚ್ಚು ಕಾಯುತ್ತದೆ. ಟೆಫ್ಲಾನ್ ನಳಿಕೆ ನಾಝಲ್‌ವರೆಗೂ ಇಳಿಯುವ ಯಂತ್ರಗಳಲ್ಲಿ 240 ಡಿಗ್ರಿ ದಾಟಿಸುವುದು ಸುರಕ್ಷಿತವಲ್ಲ, ಕೋಣೆಗೆ ಗಾಳಿಯಾಡುವಂತಿರಬೇಕು. ಮಕ್ಕಳು ಕೆಲಸ ಮಾಡುವಲ್ಲಿ ಹಿರಿಯರೊಬ್ಬರು ಇರಲೇಬೇಕು. ಮುದ್ರಣದ ನಡುವೆ ವಿದ್ಯುತ್ ಹೋದರೆ ತುದಿ ಕೂಡುದಾರಿಯಲ್ಲೇ ಸಿಕ್ಕಿಕೊಳ್ಳುವ ಸಂಭವವಿರುವುದರಿಂದ ಯುಪಿಎಸ್ ಇದ್ದರೆ ಒಳಿತು.

ತುಂಡಲ್ಲ, ತಿಳಿವಳಿಕೆ

ಇಷ್ಟೆಲ್ಲ ಶ್ರಮಪಡುವ ಬದಲು ಬಹುವರ್ಣದ ಹೊಸ ಮುದ್ರಕವನ್ನೇ ಕೊಳ್ಳಬಾರದೇಕೆ ಎಂಬ ಪ್ರಶ್ನೆ ಸಹಜ. ಹಣವುಳ್ಳವರು ಕೊಳ್ಳಬಹುದು, ಅಂಥ ಯಂತ್ರಗಳು ಚೆನ್ನಾಗಿಯೂ ಇವೆ. ಆದರೆ ಶಾಲೆಯ ಪ್ರಯೋಗಾಲಯದ ಉದ್ದೇಶ ನಕ್ಷೆಗೆ ಬಣ್ಣ ಬರಿಸುವುದಷ್ಟೇ ಅಲ್ಲ. ವರ್ನಿಯರ್ ಕ್ಯಾಲಿಪರ್ಸ್ ಹಿಡಿದು 0.1 ಮಿ.ಮೀ. ಅಂತರ ಏಕೆ ಮುಖ್ಯವೆಂದು ಕಂಡುಕೊಂಡ ವಿದ್ಯಾರ್ಥಿ, ನಾಳೆ ಹನಿ ನೀರಾವರಿಯ ಮುರಿದ ಹಿಡಿಕೆಯನ್ನೋ ಹೊಲಿಗೆ ಯಂತ್ರದ ಸವೆದ ಚಕ್ರವನ್ನೋ ಅಳೆದು ಬರೆಯಬಲ್ಲ. ಮೊದಲ ಸ್ಪ್ಲಿಟರ್ ಸಿಕ್ಕಿಕೊಳ್ಳುವುದು ಬಹುತೇಕ ಖಚಿತ. ಅದನ್ನು ಬಿಚ್ಚಿ, ಎಳೆ ಎಲ್ಲಿ ತಾಗಿತೆಂದು ನೋಡಿ, ಆ ಅಂಚನ್ನು ಅರ್ಧ ಮಿ.ಮೀ. ದುಂಡಗೆ ಮಾಡಿ ಮತ್ತೆ ಮುದ್ರಿಸಿದಾಗ ಯಂತ್ರ ನಿಜವಾಗಿ ಆ ಶಾಲೆಯದಾಗುತ್ತದೆ. ಹಾಗಾಗದಿದ್ದರೆ ಅನುದಾನದಲ್ಲಿ ಬಂದ ಯಂತ್ರ ಒಂದು ಸಣ್ಣ ತುಂಡಿನ ಕೊರತೆಗೆ ಬಟ್ಟೆ ಹೊದ್ದು ಮೂಲೆ ಸೇರುತ್ತದೆ.